ಎಲ್ಲಾ ಕಡೆ ನಿಲ್ಲೋನು

ಆರು ತಿಂಗಳಿಂದ ನಾನು ಏನೂ ಬರೆದಿರಲಿಲ್ಲ. ನ್ಯೂಜೆರ್ಸಿಗೆ ಮಗನ ಮನೆಗೆ ಹೋಗಿದ್ದೆವು, ನಾನೂ ನಮ್ಮನೆಯವರೂ. ಬಂದು ಹದಿನೈದು ದಿನ ಆಯ್ತು. ಬಂದಾಗಿಂದ ಸಿಕ್ಕೋರೆಲ್ಲಾ ಕೇಳೋದು ಎರಡೇ ಮಾತು, "ಹಿಮ ಬಿದ್ದಿತ್ತಾ? ನಯಾಗರ ನೋಡಿದ್ರಾ?" ಹಿಮ ಬಿದ್ದಿತ್ತು ಕಣ್ರಿ, ಮೊಣಕಾಲುದ್ದ. ನಯಾಗರಾನೂ ನೋಡಿದೆವು, ಫೋಟೋ ಐತೆ, ಮನೆಗೆ ಬಂದಾಗ ತೋರಿಸ್ತೀನಿ. ಇವತ್ತು ಬರೆಯಾಕೆ ಕೂತಿರೋದು ಅದನ್ನಲ್ಲ. ಮೊಮ್ಮಗನ ಒಂದು ಆಟದ ಡಬ್ಬಿ, ಅದರಾಗಿನ ಒಂದು ಕಾರ್ಡು, ಆಮೇಲೆ ನಮ್ಮ ಮೈದುನನ ವಿಷಯ. ಎಲ್ಲಿಂದೆಲ್ಲಿಗೆ ಅಂತೀರೇನೋ. ಓದಿ, ಕೊನೆಗೆ ನೀವೇ ಹೇಳಿ.

ಹಿಮ ಜಾಸ್ತಿ ಬಿದ್ರೆ ಅಲ್ಲಿ ಶಾಲೆಗೆ ರಜ ಕೊಡ್ತಾರೆ. ಅಂಥ ಒಂದಿನ ಮಗ ಸೊಸೆ ಇಬ್ಬರೂ ಒಂದೊಂದು ಕೋಣೆ ಬಾಗಿಲು ಹಾಕ್ಕೊಂಡು ಕಂಪ್ಯೂಟರ್ ಮುಂದೆ ಕೂತಿದ್ರು. ನಮ್ಮನೆಯವರು ಮೊಬೈಲ್ನಾಗೆ ಪೇಪರ್ ಓದ್ತಾ ಸೋಫಾದ ಮೇಲೆ. ನಾನು ಅಡಿಗೆಮನೆ ಟೇಬಲ್ಲಿನ ಹತ್ರ ಶೇಂಗಾ ಸಿಪ್ಪೆ ತೆಗೀತಿದ್ದೆ, ಚಟ್ನಿಪುಡಿ ಮಾಡಾಕೆ. ಮೊಮ್ಮಗ ಒಂದು ಡಬ್ಬಿ ತಂದು ಮುಂದೆ ಇಟ್ಟ. ಒಂಬತ್ತು ವರ್ಷ ಅವನಿಗೆ. ಅರ್ಧ ಕನ್ನಡ ಅರ್ಧ ಇಂಗ್ಲಿಷು. "ಅಜ್ಜಿ, ಬೇಸ್‌ಬಾಲ್ ಆಡ್ತೀಯಾ?" ಅಂದ. "ಹೊರಗೆ ಮೊಣಕಾಲುದ್ದ ಹಿಮ ಐತಲ್ಲೋ" ಅಂದೆ. "ಟೇಬಲ್ ಮೇಲೆ ಅಜ್ಜಿ" ಅಂತ ಮುಚ್ಚಳ ತೆಗೆದ.

ಒಳಗೆ ನೂರಾರು ಕಾರ್ಡು, ಮೂರು ದಾಳ, ಜತೆಗೆ ಇಪ್ಪತ್ತು ಮುಖದ್ದು ಇನ್ನೊಂದು ದಾಳ. ಅಷ್ಟು ಮುಖದ ದಾಳ ನಾನು ಹುಟ್ಟಿದಾಗಿಂದ ನೋಡಿಲ್ಲ. ಆಟದ ಹೆಸರು ಸ್ಟ್ರ್ಯಾಟ್-ಒ-ಮ್ಯಾಟಿಕ್. ಅಲ್ಲಿ ಜನ ಹಳೇ ಸಾಮಾನು ಮನೆ ಮುಂದೆ ಇಟ್ಟು ಮಾರ್ತಾರೆ, ಹಂಗೆ ಮಾರುವಾಗ ನಮ್ಮ ಮಗ ತಂದದ್ದಂತೆ, 2010ನೇ ಇಸವಿ ಆಟಗಾರರ ಸೆಟ್ಟು. ಈ ಆಟ ಕಟ್ಟಿದೋನು ಹಾಲ್ ರಿಚ್‌ಮನ್ ಅಂತ. ಹನ್ನೊಂದು ವರ್ಷದ ಹುಡುಗ ಇದ್ದಾಗಲೇ ದಾಳ ಉರುಳಿಸಿ ಉರುಳಿಸಿ ಲೆಕ್ಕ ಹಾಕಿ ಶುರು ಮಾಡಿದ್ದನಂತೆ, ಮಾರಾಟಕ್ಕೆ ಬಿಟ್ಟಿದ್ದು 1961ರಾಗೆ. ನಮ್ಮ ಊರಾಗೆ ಹುಡುಗರು ಹನ್ನೊಂದನೇ ವಯಸ್ಸಿಗೆ ಇಷ್ಟು ದಾಳ ಉರುಳಿಸಿದ್ರೆ ಬೆನ್ನ ಮೇಲೆ ಬೀಳ್ತಿದ್ವು!

ಬೇಸ್‌ಬಾಲ್ ಗೊತ್ತಿಲ್ಲದೋರು ಹೆದರಬ್ಯಾಡ್ರಿ, ನಂಗೂ ಗೊತ್ತಿರಲಿಲ್ಲ. ಒಬ್ಬ ಚೆಂಡು ಎಸೀತಾನೆ, ಒಬ್ಬ ದೊಣ್ಣೆ ಬೀಸ್ತಾನೆ, ಹೊಡೆದೋನು ನಾಕು ಮೂಲೆ ಸುತ್ತಿ ಬಂದ್ರೆ ಒಂದು ರನ್ನು. ಬಾಕಿಯೋರು ಅವರವರ ಜಾಗದಾಗೆ ನಿಂತು ಹಿಡೀತಾರೆ. ಆಡೋರು ಒಂಬತ್ತು ಜನ, ಒಂಬತ್ತು ಜಾಗ. ಈ ಟೇಬಲ್ ಆಟದಾಗೆ ಆ ಒಂಬತ್ತು ಜನಾನೂ ಕಾರ್ಡುಗಳೇ. ಮೂರು ದಾಳದಾಗೆ ಒಂದು ಬೇರೆ ಬಣ್ಣದ್ದು. ಅದರಾಗೆ ಒಂದು, ಎರಡು, ಮೂರು ಬಿದ್ರೆ ಹೊಡೆಯೋನ ಕಾರ್ಡು ನೋಡಬೇಕು, ನಾಕು, ಐದು, ಆರು ಬಿದ್ರೆ ಎಸೆಯೋನ ಕಾರ್ಡು. ಮಿಕ್ಕಿದ ಎರಡು ದಾಳ ಕೂಡಿಸಿ ಆ ಸಾಲು ಓದಿದ್ರೆ ಏನಾಯ್ತು ಅಂತ ಬರೆದಿರತೈತೆ, ಹೊಡೆದನೋ, ಔಟಾದನೋ ಅಂತ. ಚೌಕಾಬಾರ ಆಡಿ ಬೆಳೆದೋಳು ನಾನು. ಕವಡೆ ಹೋಗಿ ದಾಳ ಬಂತು ಅಷ್ಟೇ. ಅರ್ಧ ಗಂಟೆಗೆ ಕೈ ಕುದುರಿತು.

ಮೊದಲು ಟೀಮು ಆರಿಸಬೇಕು. ಅವನೊಂದು ಕಾರ್ಡು, ನಾನೊಂದು ಕಾರ್ಡು, ಹಿಂಗೆ. ಜಾಣ ಅವನು. ಜೋರಾಗಿ ಹೊಡೆಯೋರನ್ನೆಲ್ಲಾ ಎಳ್ಕೊಂಡ. ನನಗೆ ಯಾರ ಹೆಸರೂ ಗೊತ್ತಿಲ್ಲ, ಸಿಕ್ಕಿದ್ದನ್ನ ಇಟ್ಕೊಂಡೆ. ಕೊನೆಗೆ ಒಂದು ಕಾರ್ಡು ನನ್ನ ಕಡೆ ಸರಿಸಿ ಅಂದ, "ಇವನ್ನ ನೀನೇ ಇಟ್ಕೋ ಅಜ್ಜಿ. ಇವನು ವೇಸ್ಟು. ಹೊಡೆಯಲ್ಲ."

ಜಾನ್ ಮೆಕ್‌ಡೊನಾಲ್ಡ್ ಅಂತ ಅವನ ಹೆಸರು. ಕನ್ನಡಕ ಹಾಕ್ಕೊಂಡು ನೋಡಿದೆ. ನಿಜ, ಸಾಲುಸಾಲು ಔಟೇ ಜಾಸ್ತಿ. ಆದ್ರೆ ಕಾರ್ಡಿನ ಮೇಲ್ಗಡೆ, ಹೆಸರಿನ ಹತ್ರ, ಸಣ್ಣಕ್ಷರದಾಗೆ ಏನೋ ಬರೆದಿದ್ರು. ಬೇರೆಯೋರ ಕಾರ್ಡಿನಾಗೆ ಒಂದೇ ಇದ್ರೆ ಇವನದರಾಗೆ ಒಂದರ ಪಕ್ಕ ಒಂದು. "ಇದೇನೋ?" ಅಂತ ಕೇಳಿದೆ. "ಅವನು ಎಲ್ಲೆಲ್ಲಿ ನಿಲ್ತಾನೆ ಅಂತ" ಅಂದ. ಆ ಜಾಗದ ಪಕ್ಕ ಒಂದು ಅಂಕಿ, ಒಂದರಿಂದ ಐದರ ತನಕ. ಒಂದು ಅಂದ್ರೆ ಅಲ್ಲಿ ನಿಂತಾಗ ಚೆಂಡು ತಪ್ಪೋದೇ ಕಮ್ಮಿ, ಐದು ಅಂದ್ರೆ ಬಟ್ಟೆ ಒಗೆಯೋ ಕಲ್ಲಿನ ಹಂಗೆ ನಿಂತಿರ್ತಾನೆ ಅಂತ. ಇಂಥೋರನ್ನ ಅಲ್ಲಿ ಯುಟಿಲಿಟಿ ಆಟಗಾರ ಅಂತಾರಂತೆ. ಯಾರು ಬಿದ್ರೂ ಆ ಜಾಗಕ್ಕೆ ಇವನು. ದಿನಾ ಆಡ್ಸಲ್ಲ, ಬೆಂಚಿನ ಮೇಲೆ ಕೂರಿಸಿರ್ತಾರೆ.

ಆಟ ಶುರುವಾಯ್ತು. ಮೊದಮೊದಲು ಅವನದೇ ಜೋರು. ಈ ಆಟದಾಗೆ ಒಂದು ಕಿತಾಪತಿ ಐತೆ. ಹೊಡೆಯೋನ ಕಾರ್ಡಿನ ಒಂದೊಂದು ಸಾಲಿನಾಗೆ "ಪೆಟ್ಟಾಯ್ತು" ಅಂತಲೂ ಇರತೈತೆ. ಆ ಸಾಲು ಬಿದ್ರೆ ಅವನನ್ನ ಎತ್ತಿ ಹೊರಗೆ ಇಡಬೇಕು. ನನ್ನ ಶಾರ್ಟ್‌ಸ್ಟಾಪ್‌ಗೆ ಹಂಗೇ ಆಯ್ತು. ಶಾರ್ಟ್‌ಸ್ಟಾಪ್ ಅಂದ್ರೆ ಎರಡನೇ ಮೂಲೆ, ಮೂರನೇ ಮೂಲೆ ನಡುವೆ ನಿಲ್ಲೋನು, ಬಲು ಕಷ್ಟದ ಜಾಗ, ಚೆಂಡೆಲ್ಲಾ ಅಲ್ಲಿಗೇ ಬರತೈತೆ. ಅವನ ಬದಲು ಯಾರು? ಬೆಂಚಿನಾಗಿದ್ದ ಮೆಕ್‌ಡೊನಾಲ್ಡು. ಕೊನೇ ಸುತ್ತಿಗೆ ನಾನು ಒಂದು ರನ್ ಮುಂದಿದ್ದೆ, ಹೊಡೆಯೋದು ಮೊಮ್ಮಗನದು, ಎರಡು ಮೂಲೆಯಾಗೆ ಅವನ ಜನ ನಿಂತಿದ್ರು. ದಾಳ ಉರುಳಿತು. ಎಸೆಯೋನ ಕಾರ್ಡು ತೋರಿಸ್ತು, "ಶಾರ್ಟ್‌ಸ್ಟಾಪ್ ಹೆಂಗೆ ಹಿಡೀತಾನೆ ನೋಡು" ಅಂತ. ಅವಾಗ ಇಪ್ಪತ್ತು ಮುಖದ ದಾಳ ಉರುಳಿಸಿ ಪಟ್ಟಿ ನೋಡಬೇಕು. ಒಳ್ಳೇ ಅಂಕಿಯೋನಾದ್ರೆ ಔಟು, ಇಲ್ಲಾಂದ್ರೆ ಚೆಂಡು ದಾಟಿ ಹೋಗತೈತೆ. ನೋಡಿದ್ವಿ. ಹಿಡಿದಿದ್ದ. ಆಟ ನಂದು.

ಮೊಮ್ಮಗನ ಮುಖ ಸಣ್ಣಗಾಯ್ತು. "ಲಕ್ಕು ಅಜ್ಜಿ" ಅಂದ. ಆದ್ರೆ ಮಾರನೇ ದಿನ ಟೀಮು ಆರಿಸುವಾಗ ಮೂರನೇ ಕಾರ್ಡಿಗೇ ಮೆಕ್‌ಡೊನಾಲ್ಡನ್ನ ಎಳ್ಕೊಂಡ. "ಬೆಂಚಿಗೆ ಒಬ್ಬ ಇಂಥೋನು ಬೇಕು" ಅಂತ ನನಗೇ ಪಾಠ!

ಅವತ್ತು ರಾತ್ರಿ ಊಟಕ್ಕೆ ಕೂತಾಗ ಮಗನಿಗೆ ಹೇಳಿದೆ. ಅವನು ನಕ್ಕು ಇನ್ನೊಂದು ಕತೆ ಹೇಳಿದ. ಮೆಕ್ಸಿಕೋದ ಮಾರಿಯೋ ಮೆಂಡೋಜಾ ಅಂತ ಒಬ್ಬ ಶಾರ್ಟ್‌ಸ್ಟಾಪ್ ಇದ್ದನಂತೆ. ಹತ್ತು ಸಲ ದೊಣ್ಣೆ ಹಿಡಿದ್ರೆ ಮೂರು ಸಲ ಸರಿಯಾಗಿ ಹೊಡೆಯೋನು ಅಲ್ಲಿ ದೊಡ್ಡ ಆಟಗಾರ. ಮೆಂಡೋಜಾಂದು ಎರಡರ ಆಸುಪಾಸು. ಅದಕ್ಕೇ ಎರಡಕ್ಕಿಂತ ಕೆಳಗೆ ಬಿದ್ದೋರಿಗೆ "ಮೆಂಡೋಜಾ ಗೆರೆ ದಾಟಿಲ್ಲ" ಅಂತ ಹಂಗಿಸೋ ಮಾತು ಹುಟ್ಟಿಕೊಂಡಿತು. ಇವತ್ತಿಗೂ ಹಂಗೇ ಅಂತಾರಂತೆ. ಪಾಪ, ಅವನ ಹೆಸರು ಉಳಿದಿದ್ದೇ ಬೈಗುಳ ಆಗಿ. "ಆದ್ರೆ ಅವ್ವ, 1979ರಾಗೆ ಅವನದು ಸಾವಿರಕ್ಕೆ 198, ಗೆರೆಗಿಂತ ಕೆಳಗೆ. ಅದೇ ವರ್ಷ ಸಿಯಾಟಲ್ ಟೀಮಿನೋರು ಅವನನ್ನ ಎಷ್ಟು ಮ್ಯಾಚ್ ಆಡ್ಸಿದ್ರು ಗೊತ್ತಾ? 162ರಾಗೆ 148" ಅಂದ.

ನಾನು ಅನ್ನ ಬಡಿಸ್ತಿದ್ದೋಳು ಸೌಟು ಹಿಡಿದು ನಿಂತೆ. ಹೊಡೆಯಾಕೆ ಬರದೋನನ್ನ 148 ಸಲ ಯಾಕೆ ಕಳಿಸ್ತಾರೆ? ಅವನಿಲ್ಲದೆ ನಡಿಯಲ್ಲ ಅಂತ ತಾನೇ? ನಡಿಯಲ್ಲ ಅಂದ್ಮೇಲೆ ಬೈಗುಳಕ್ಕೆ ಅವನ ಹೆಸರು ಯಾಕೆ?

ಮಗ ಆಮೇಲೆ ಮೆಕ್‌ಡೊನಾಲ್ಡನ ಮಾತು ತೆಗೆದ. ಹದಿನಾರು ವರ್ಷ ದೊಡ್ಡ ಆಟ ಆಡಿದೋನು, ಅಷ್ಟೂ ವರ್ಷ ಸೇರಿ ಹೊಡೆದಿದ್ದು 28 ಹೋಂ ರನ್ನು. ಅಂದ್ರೆ ನಮ್ಮ ಸಿಕ್ಸರ್ ಇದ್ದಂಗೆ. ದೊಡ್ಡ ಹೊಡೆತಗಾರರು ಒಂದೇ ವರ್ಷಕ್ಕೆ ಅಷ್ಟು ಹೊಡೀತಾರಂತೆ. 2010ರಾಗೆ ಅವನ ಅಪ್ಪ ಹಾಸಿಗೆ ಹಿಡಿದಿದ್ರು. ನಿನ್ನ ಮುಂದಿನ ಹೋಂ ರನ್ನು ನನ್ನ ಹೆಸರಿಗೆ ಹೊಡಿ ಅಂತ ಮಗನ್ನ ಕೇಳಿದ್ರಂತೆ. ಹೊಡೆಯೋನೇ ಅಲ್ಲದ ಮಗನಿಗೆ! ಅಪ್ಪ ತೀರಿಕೊಂಡ್ರು. ಮಣ್ಣು ಮುಗಿಸಿ ಟೀಮಿಗೆ ವಾಪಸ್ ಬಂದ. ಜೂನ್ 20, ಆ ದೇಶದಾಗೆ ಅಪ್ಪಂದಿರ ದಿನ. ಕೊನೇ ಸುತ್ತಿನಾಗೆ ಬದಲಿಯಾಗಿ ಇಳಿಸಿದ್ರು. ವಾಪಸ್ ಬಂದು ದೊಣ್ಣೆ ಹಿಡಿದ ಮೊದಲನೇ ಸಲ ಅದು. ಹೊಡೆದ. ಹೋಂ ರನ್ನು.

ನಮ್ಮನೆಯವರು ಮುಖ ತಗ್ಗಿಸಿ ಉಣ್ತಾ ಇದ್ರು. ಯಾರೂ ಮಾತಾಡಲಿಲ್ಲ. ನನಗೆ ಮಾತ್ರ ತಲೆ ತುಂಬಾ ಸಿರಿಗೆರೆ, ನಮ್ಮ ಮನೆ ಜಗಲಿ, ನಮ್ಮ ಮೈದುನ.

ಯಾಕೆ ಅಂತ ಹೇಳ್ತೀನಿ. ಈ ಮಗ ಹತ್ತು ವರ್ಷದೋನು ಇದ್ದಾಗ, 1999ರ ಆಚೆ ಈಚೆ, ಮನೆಮನೆಯಾಗೆ ಕ್ರಿಕೆಟ್ ಟ್ರಂಪ್ ಕಾರ್ಡಿನ ಹುಚ್ಚು. ನಿಮ್ಮ ಮಕ್ಕಳೂ ಆಡಿರ್ತಾರೆ, ಜ್ಞಾಪಕ ಮಾಡ್ಕೊಳ್ರಿ. ಒಂದೊಂದು ಕಾರ್ಡಿನ ಮೇಲೆ ಒಬ್ಬ ಆಟಗಾರನ ಫೋಟೋ, ಕೆಳಗೆ ಆಡಿದ ಮ್ಯಾಚು, ರನ್ನು, ಹೆಚ್ಚಿನ ಸ್ಕೋರು, ವಿಕೆಟ್ಟು, ಕ್ಯಾಚು. ಕಾರ್ಡು ಹಂಚಿಕೊಂಡು ಕೂರೋದು. ಒಬ್ಬ "ರನ್ನು" ಅಂತಾನೆ, ಎಲ್ಲಾರೂ ತಮ್ಮ ತಮ್ಮ ಮೇಲಿನ ಕಾರ್ಡಿನ ರನ್ನು ಹೇಳ್ತಾರೆ, ಹೆಚ್ಚಿದ್ದೋನು ಎಲ್ಲಾ ಕಾರ್ಡೂ ಬಾಚ್ಕೊಳ್ತಾನೆ. ನಮ್ಮೋನು ಒಂದು ಕಟ್ಟನ್ನ ತರಳಬಾಳು ಹುಣ್ಣಿಮೆಗೆ ಹೋದಾಗ ಅಂಗಡಿ ಸಾಲಿನಾಗೆ ಹಟ ಮಾಡಿ ಕೊಡಿಸ್ಕೊಂಡಿದ್ದ. ಕೊಡಿಸಿದ್ದು ಅವರಪ್ಪ ಅಲ್ಲ, ಚಿಕ್ಕಪ್ಪ. ರಜ ಬಂದ್ರೆ ಓಣಿ ಹುಡುಗರೆಲ್ಲಾ ನಮ್ಮ ಜಗಲಿ ಮೇಲೆ. ಆಡಾಕೆ ಒಬ್ಬ ಕಮ್ಮಿ ಬಿದ್ರೆ ಚಿಕ್ಕಪ್ಪನೇ ಕೂರ್ತಿದ್ದ.

ಆ ಕಟ್ಟಿನಾಗೆ ಸಚಿನ್, ಕುಂಬ್ಳೆ, ಶ್ರೀನಾಥ್ ಬಂದೋರು ಗೆದ್ದಂಗೆ. ಯಾವ ಸಾಲು ಕೇಳಿದ್ರೂ ಸೋಲೋ ಕಾರ್ಡುಗಳೂ ಇದ್ವು. ರನ್ನೂ ಇಲ್ಲ, ವಿಕೆಟ್ಟೂ ಇಲ್ಲ, ಅಲ್ಲಿಷ್ಟು ಇಲ್ಲಿಷ್ಟು. ಒಂದೊಂದು ಸಾಲಿಗೆ ಅಂಕಿ ಬದಲು ಬರೀ ಒಂದು ಗೆರೆ ಎಳೆದಿರ್ತಿದ್ರು. ಹುಡುಗರು ಅದಕ್ಕೆ "ದಂಡ" ಅಂತಿದ್ರು. ದಂಡ ಕಾರ್ಡು ಬಂತು ಅಂದ್ರೆ ಮುಖ ಸಿಂಡರಿಸೋರು. ಮೈದುನ ಒಂದ್ಸಲ ಅಂಥ ಕಾರ್ಡು ಎತ್ತಿ ತೋರಿಸಿ, "ನೋಡ್ರಪ್ಪಾ, ಇದು ನನ್ನಂಗೇ ಐತೆ. ಏನು ಕೇಳಿದ್ರೂ ಸೋಲೇ" ಅಂದ. ಹುಡುಗರೆಲ್ಲಾ ಬಿದ್ದು ಬಿದ್ದು ನಕ್ಕವು. ಒಳಗೆ ರೊಟ್ಟಿ ಬಡೀತಿದ್ದ ನಾನೂ ನಕ್ಕೆ.

ಅವನು ಬಲು ಚೆಂದ ಕ್ರಿಕೆಟ್ ಕತೆ ಹೇಳೋನು. 1983ರ ವರ್ಲ್ಡ್ ಕಪ್ಪಿನಾಗೆ ಜಿಂಬಾಬ್ವೆ ಮೇಲೆ ಕಪಿಲ್ ದೇವ್ 175 ಹೊಡೆದಿದ್ದು ಊರಿಗೆಲ್ಲಾ ಗೊತ್ತು. "ಆ ಕಡೆ ನಿಂತೋನು ಯಾರು ಹೇಳ್ರೋ?" ಅಂತ ಹುಡುಗರನ್ನ ಕೇಳೋನು. ಯಾರಿಗೂ ಗೊತ್ತಿರ್ತಿರಲಿಲ್ಲ. ನಮ್ಮ ಕರ್ನಾಟಕದ ಕೀಪರ್ ಕಿರ್ಮಾನಿ. ಮೊದಲು 17ಕ್ಕೆ ಐದು ಜನ ಔಟು. ಆಮೇಲೆ 140ಕ್ಕೆ ಎಂಟು. ಆವಾಗ ಬಂದು ನಿಂತ ಕಿರ್ಮಾನಿ ಕೊನೇ ತನಕ ಅಲ್ಲಾಡಲಿಲ್ಲ. ಇಬ್ಬರೂ ಸೇರಿ 126 ರನ್ನು. ಅದರಾಗೆ ಕಿರ್ಮಾನಿದು 24. "ಕಾರ್ಡಿನಾಗೆ 24 ಅಂತ ಬಂದ್ರೆ ಸೋಲು. ಆ 24 ಇಲ್ದಿದ್ರೆ ಕಪ್ಪೆಲ್ಲಿ ಬರ್ತಿತ್ತು?" ಅನ್ನೋನು. ದ್ರಾವಿಡ್ 2003ರ ವರ್ಲ್ಡ್ ಕಪ್ಪಿನಾಗೆ ಕೀಪಿಂಗ್ ಗ್ಲೌಸ್ ಹಾಕ್ಕೊಂಡು ನಿಂತಾಗಲೂ ಹಂಗೇ, ಟಿವಿ ಮುಂದೆ ಕೂತು, "ಟೀಮಿಗೆ ಇನ್ನೊಬ್ಬ ಬ್ಯಾಟ್ಸ್‌ಮನ್ ಹಿಡೀಲಿ ಅಂತ ಇವನು ಆ ಕೆಲಸ ಮೈಮೇಲೆ ಹಾಕ್ಕೊಂಡ ಅತ್ಗೆ" ಅಂತ ನನಗೆ ಬಿಡಿಸಿ ಹೇಳಿದ್ದ. ಆ ಮಾತು ಅವನಿಗೆ ಯಾಕಷ್ಟು ಹತ್ತಿರ ಅಂತ ಆಗ ನನಗೆ ಹೊಳೀಲಿಲ್ಲ.

ನಮ್ಮ ಮೈದುನನ್ನ ನಿಮ್ಮಲ್ಲಿ ಸುಮಾರು ಜನ ಬಲ್ಲಿರಿ. ಪಿಯುಸಿ ಫೇಲಾಗಿ ಮನೆಯಾಗೇ ಉಳಿದೋನು. ಮದುವೆ ಕೂಡಿ ಬರಲಿಲ್ಲ. ದೊಡ್ಡೋರು ನಮ್ಮನೆಯವರು, ಮೇಷ್ಟ್ರು. ನಡುವಿನೋರು ಬೆಂಗಳೂರಿನಾಗೆ ಕೆಲಸ. ಇವನು ಏನು ಮಾಡ್ತಾನೆ ಅಂತ ಕೇಳಿದ್ರೆ ಹೇಳಾಕೆ ಒಂದು ಹೆಸರಿಲ್ಲ. ಬೆಳಗಿನ ಜಾವ ಎದ್ದು ಹಸು ಕರೆಯೋನು. ಮೋಟ್ರು ಕೆಟ್ರೆ ಇಳಿಯೋನು. ಮೆಕ್ಕೆಜೋಳ ಒಕ್ಕಣೆಗೆ ಆಳು ಬರದಿದ್ರೆ ಅವನೇ ಆಳು, ಟ್ರಾಕ್ಟರ್ ಓಡಿಸೋನು ಬರದಿದ್ರೆ ಅವನೇ ಡ್ರೈವರು. ನನ್ನ ಎರಡನೇ ಬಾಣಂತನದಾಗೆ ಅತ್ತೆಗೆ ಜ್ವರ ಬಂದು ಮಲಗಿದಾಗ ಹದಿನೈದು ದಿನ ಅಡಿಗೆ ಮಾಡಿದೋನು ಅವನೇ, ಮುದ್ದೆ ಗಂಟಿಲ್ಲದಂಗೆ ತೊಳೆಸ್ತಿದ್ದ. ಮಾವನೋರಿಗೆ ಲಕ್ವ ಹೊಡೆದು ಒಂದೂವರೆ ವರ್ಷ ಮಲಗಿದ್ರಲ್ಲ, ಎತ್ತಿ ಇಳಿಸಿ ಸ್ನಾನ ಮಾಡಿಸಿದ ಕೈ ಯಾರದು? ದಾವಣಗೆರೆ ಆಸ್ಪತ್ರೆ ವರಾಂಡದಾಗೆ ಪೇಪರ್ ಹಾಸ್ಕೊಂಡು ಮಲಗಿದ್ದು ಯಾರು? ಅವನು ಯಾವುದರಾಗೂ ಫಸ್ಟಲ್ಲ ಕಣ್ರಿ. ಆದ್ರೆ ಯಾವ ಜಾಗ ಖಾಲಿ ಆದ್ರೂ ಅಲ್ಲಿ ಅವನಿರ್ತಿದ್ದ.

ಈಗ ಹೇಳಾಕೆ ಕಷ್ಟ ಆಗೋ ಮಾತಿಗೆ ಬರ್ತೀನಿ.

ಮಾವನೋರು ತೀರಿಕೊಂಡು ವರ್ಷಾಂತಿಕ ಆದ್ಮೇಲೆ, 2007ರಾಗೆ, ಪಾಲು ಮಾಡ್ಕೊಂಡ್ರು. ಹಿರಿಯರು ಮೂರು ಜನ ಪಡಸಾಲೆಯಾಗೆ ಕೂತ್ರು. ಒಂದು ಹಾಳೆ ಮೇಲೆ ಮೂರು ಅಣ್ಣತಮ್ಮಂದಿರ ಹೆಸರು ಬರೆದು, ಯಾರ್ಯಾರು ಮನೆಗೆ ಏನೇನು ಹಾಕಿದಾರೆ ಅಂತ ಮುಂದೆ ಬರೆದ್ರು. ನಮ್ಮನೆಯವರ ಹೆಸರಿನ ಮುಂದೆ ಸಂಬಳ, ಆಸ್ಪತ್ರೆ ಖರ್ಚು, ಬೋರ್‌ವೆಲ್. ನಡುವಿನೋರ ಮುಂದೆ ಮನೆ ಮೇಲಿನ ಆರ್‌ಸಿಸಿ, ಹಸು ತಂದ ದುಡ್ಡು. ಮೂರನೇ ಹೆಸರು ಬಂತು. ಬರೆಯೋರು ತಲೆ ಎತ್ತಿ ನೋಡಿದ್ರು. ಯಾರೂ ಏನೂ ಹೇಳಲಿಲ್ಲ. ಮೈದುನನೂ ಹೇಳಲಿಲ್ಲ. ಅವರು ಒಂದು ಗೆರೆ ಎಳೆದು ಕೆಳಗೆ ಹೋದ್ರು.

ಹನ್ನೆರಡು ಎಕರೆ. ದೊಡ್ಡೋರಿಗೆ ಐದು, ನಡುವಿನೋರಿಗೆ ಐದು, ಅವನಿಗೆ ಮೇಲ್ಗಡೆ ಕಲ್ಲು ಭೂಮಿ ಎರಡು. "ಒಬ್ಬನೇ ಇರೋನು, ಅಣ್ಣನ ಜತೆಗೇ ಉಣ್ತಾನೆ, ಅವನಿಗೇನು ಖರ್ಚು" ಅಂದ್ರು. ಅವನು "ಹಂಗೇ ಆಗ್ಲಿ ಬಿಡ್ರಿ" ಅಂತ ಸಹಿ ಹಾಕಿದ.

ನಾನು ಎಲ್ಲಿದ್ದೆ? ನಡುಮನೆ ಬಾಗಿಲ ಹಿಂದೆ, ಹಿರಿಯರಿಗೆ ಕೊಡೋ ಕಾಫಿ ತಟ್ಟೆ ಕೈಯಾಗಿತ್ತು. ಎಲ್ಲಾ ಕೇಳಿಸ್ತು. ಆ ಗೆರೆ ಜಾಗದಾಗೆ ಏನು ಬರೀಬೇಕು ಅಂತ ಆ ಮನೆಯಾಗೆ ಎಲ್ಲಾರಿಗಿಂತ ಚೆನ್ನಾಗಿ ಗೊತ್ತಿದ್ದೋಳು ನಾನು. ಹೆಣ್ಣುಮಕ್ಕಳು ಪಾಲಿನ ಮಾತಿಗೆ ಬಾಯಿ ಹಾಕಬಾರದು ಅಂತ ಸುಮ್ಮನಿದ್ದೆ ಅಂತ ಇಷ್ಟು ವರ್ಷ ನನಗೆ ನಾನೇ ಹೇಳ್ಕೊಂಡಿದ್ದೆ. ಸುಳ್ಳು. ಆ ವರ್ಷ ಮಗ ಇಂಜಿನಿಯರಿಂಗ್ ಸೇರೋನಿದ್ದ. ಐದು ಎಕರೆ ಇದ್ರೆ ಬ್ಯಾಂಕಿನೋರು ಸಾಲ ಕೊಡ್ತಾರೆ ಅಂತ ನನ್ನ ತಲೆಯಾಗೆ ಲೆಕ್ಕ ಓಡ್ತಿತ್ತು. ಸಾಲ ಸಿಕ್ತು, ಓದಿದ, ಅಮೆರಿಕಕ್ಕೆ ಹೋದ. ಆ ಟೇಬಲ್ಲು, ಆ ಡಬ್ಬಿ, ಆ ದಾಳ ಎಲ್ಲಾ ಬಂದಿದ್ದು ಅವತ್ತು ನಾನು ಬಾಗಿಲ ಹಿಂದೆ ಸುಮ್ಮನೆ ನಿಂತಿದ್ದರಿಂದ.

ನ್ಯೂಜೆರ್ಸಿಯಾಗೆ ಆ ರಾತ್ರಿ ಇದನ್ನ ಮಗನಿಗೆ ಹೇಳಿದೆ. ಅವನಿಗೆ ಪಾಲಾಗಿದ್ದು ಗೊತ್ತಿತ್ತು, ಎಷ್ಟೆಷ್ಟು ಅಂತ ಗೊತ್ತಿರಲಿಲ್ಲ. ಸುಮಾರು ಹೊತ್ತು ಸುಮ್ಮನಿದ್ದು, "ಅವ್ವ, ಸಿಇಟಿ ಕೌನ್ಸೆಲಿಂಗಿಗೆ ನನ್ನ ಬೆಂಗಳೂರಿಗೆ ಕರ್ಕೊಂಡು ಹೋಗಿದ್ದು ಚಿಕ್ಕಪ್ಪ. ಬಸ್ಸಿನಾಗೆ ಸೀಟು ಸಿಗದೆ ಚಿತ್ರದುರ್ಗದಿಂದ ತುಮಕೂರಿನ ತನಕ ನಿಂತ್ಕೊಂಡು ಬಂದ್ರು, ನನ್ನ ಕೂರಿಸಿ" ಅಂದ. ಅಷ್ಟೇ ಹೇಳಿದ್ದು. ನಮ್ಮನೆಯವರು ಎದ್ದು ಒಳಗೆ ಹೋದ್ರು.

ಮಲಗೋವಾಗ ಕೇಳಿದೆ. "ಆಗಿ ಹೋದ ಮಾತು ಈಗ ಯಾಕೆ? ಅವನೇನು ಕೇಳಿದಾನಾ?" ಅಂತ ರೇಗಿದ್ರು. "ಕೇಳಲ್ಲ. ಕೇಳೋನಾಗಿದ್ರೆ ಅವತ್ತೇ ಕೇಳ್ತಿದ್ದ" ಅಂದೆ. "ಈಗ ನಾವಿಬ್ರೂ ಆರು ತಿಂಗಳು ಮನೆ ಬಿಟ್ಟು ಬಂದಿದೀವಿ. ಹಸು ಯಾರು ಕರೀತಿದಾರೆ? ನೀರು ಯಾರು ಹಾಯಿಸ್ತಿದಾರೆ? ನಿಮ್ಮ ಐದು ಎಕರೆ ಯಾರು ನೋಡ್ಕೊಳ್ತಿದಾರೆ?" ಉತ್ತರ ಬರಲಿಲ್ಲ. ಮೂರು ದಿನ ಮಾತಾಡಲಿಲ್ಲ ನನ್ನ ಜತೆ. ನಾಕನೇ ದಿನ ಬೆಳಿಗ್ಗೆ ಕಾಫಿ ಕುಡೀತಾ, "ಬೋರ್‌ವೆಲ್ ಕಡೆ ಎರಡು ಎಕರೆ ಅವನ ಹೆಸರಿಗೆ ಮಾಡಾಣ. ನಮ್ಮ ಪಾಲಿನಾಗೆ" ಅಂದ್ರು. ನಡುವಿನೋರನ್ನ ಕೇಳಿದ್ವಿ, ಅವರಿಗೆ ಮನಸ್ಸು ಬರಲಿಲ್ಲ. ಅವರ ಪಾಲು ಅವರ ಇಷ್ಟ, ನಾನು ತಪ್ಪು ಹೇಳಲ್ಲ. ನಾನೂ ಇಷ್ಟು ವರ್ಷ ಅವರ ಹಂಗೇ ಇದ್ದೆ.

ಊರಿಗೆ ಬಂದು ಮೂರನೇ ದಿನ ಮೈದುನನಿಗೆ ಹೇಳಿದ್ವಿ. ಹಿತ್ತಲಾಗೆ ಹಸುವಿಗೆ ಹಿಂಡಿ ಕಲಸ್ತಿದ್ದ. ಕೇಳಿ ನಕ್ಕ. "ಈಗ ನನಗ್ಯಾಕಣ್ಣ ಜಮೀನು, ಐವತ್ತು ದಾಟೈತೆ" ಅಂದ. ಅವರಣ್ಣ ಒಳಗೆ ಹೋದ್ಮೇಲೆ ನಾನೊಬ್ಬಳೇ ನಿಂತಿದ್ದೆ. ಧೈರ್ಯ ಮಾಡಿ ಕೇಳೇಬಿಟ್ಟೆ, "ಅವತ್ತು ನಿನಗೆ ಬೇಜಾರಾಗಿತ್ತೇನಪ್ಪಾ?"

ಹಿಂಡಿ ಕಲಸೋದು ನಿಲ್ಲಿಸಲಿಲ್ಲ. "ಜಮೀನಿಗೆ ಬೇಜಾರಾಗಲಿಲ್ಲ ಅತ್ಗೆ. ಹೆಸರಿನ ಮುಂದೆ ಗೆರೆ ಎಳೆದ್ರಲ್ಲ, ಅದಕ್ಕಾತು. ಏನಾದ್ರೂ ಒಂದು ಬರೀತಾರೇನೋ ಅಂತ ನೋಡ್ತಾ ಇದ್ದೆ."

ಹದಿನೆಂಟು ವರ್ಷ ಆ ಗೆರೆ ಹೊತ್ಕೊಂಡು ನನ್ನ ಮನೆಯಾಗೆ ನನ್ನ ಕೈ ಅನ್ನ ಉಂಡಿದಾನೆ. ನಾನು ಬಚ್ಚಲಿಗೆ ಹೋಗಿ ಮುಖ ತೊಳ್ಕೊಂಡು ಬಂದೆ.

ಅವತ್ತು ರಾತ್ರಿ ಮೊಮ್ಮಗ ಫೋನ್ ಮಾಡಿದ. ಚಿಕ್ಕಜ್ಜನಿಗೆ ಆ ಬೇಸ್‌ಬಾಲ್ ಆಟ ವಿವರಿಸ್ತೀನಿ ಅಂತ ಅರ್ಧ ಗಂಟೆ ವಿಡಿಯೋದಾಗೆ ಕಾರ್ಡು ತೋರಿಸಿದ. ಮೈದುನ ಎಲ್ಲಾ ಕೇಳಿ ಒಂದೇ ಪ್ರಶ್ನೆ ಕೇಳಿದ, "ಹಂಗಾರೆ ಹೊಡೆಯಾಕೆ ಬರದಿದ್ರೂ, ಎಲ್ಲಿ ನಿಲ್ತಾನೆ ಅಂತ ಕಾರ್ಡಿನಾಗೆ ಬರೀತಾರಾ?" "ಹೂಂ ಚಿಕ್ಕಜ್ಜ, ಮೇಲ್ಗಡೆನೇ ಬರೀತಾರೆ." "ಒಳ್ಳೇ ಆಟ ಕಣಪ್ಪ" ಅಂದ.

ನಮ್ಮ ಟ್ರಂಪ್ ಕಾರ್ಡಿನಾಗೆ ಆ ಸಾಲು ಇರಲಿಲ್ಲ. ನಮ್ಮ ಪಾಲಿನ ಹಾಳೆಯಾಗೂ ಇರಲಿಲ್ಲ. ಎರಡೂ ಕಡೆ ಎಣಿಸಾಕೆ ಬರೋದನ್ನ ಮಾತ್ರ ಬರೆದ್ರು, ಉಳಿದಿದ್ದಕ್ಕೆ ಗೆರೆ ಎಳೆದ್ರು.

ನಿಮ್ಮನ್ನ ಒಂದೇ ಒಂದು ಕೇಳ್ಕೊಳ್ತೀನಿ. ಎಲ್ಲಾ ಮನೆಯಾಗೂ ಇಂಥೋರು ಒಬ್ಬರು ಇರ್ತಾರೆ. ಮದುವೆ ಆಗದೆ ಉಳಿದ ಅತ್ತೆ ಇರಬಹುದು, ಗಂಡ ಇಲ್ಲದ ಚಿಗವ್ವ ಇರಬಹುದು, ಹುಷಾರಿಲ್ಲದೋರ ಹತ್ರ ಕೂರಾಕೆ ಮಾತ್ರ ಜ್ಞಾಪಕ ಆಗೋ ವಾರಗಿತ್ತಿ ಇರಬಹುದು. ಯಾವತ್ತಾದ್ರೂ ನಿಮ್ಮ ಪಡಸಾಲೆಯಾಗೆ ಅಂಥ ಹಾಳೆ ಬರೆಯೋ ದಿನ ಬಂದ್ರೆ, ಕಾಫಿ ತಟ್ಟೆ ಕೆಳಗಿಟ್ಟು ಬಾಗಿಲಿನಿಂದ ಈಚೆ ಬಂದು ಹೇಳಿಬಿಡ್ರಿ. ಬೈದ್ರೆ ಬೈಸ್ಕೊಳ್ರಿ. ಬೈಸ್ಕೊಂಡಿದ್ದು ಎರಡು ದಿನಕ್ಕೆ ಮರೆತು ಹೋಗತೈತೆ. ಸುಮ್ಮನಿದ್ದಿದ್ದು ಮರೆಯಲ್ಲ.

ಬರೋ ವಾರ ಚಿತ್ರದುರ್ಗದ ರಿಜಿಸ್ಟ್ರಾರ್ ಕಚೇರಿಗೆ ಹೋಗ್ತಿದೀವಿ. ಮೈದುನ ಬರಲ್ಲ ಅಂತ ಇನ್ನೂ ಹಟ ಮಾಡ್ತಿದಾನೆ. "ಎರಡು ಎಕರೆ ಬ್ಯಾಡ, ಒಂದು ಸಾಕು" ಅಂತ ಚೌಕಾಸಿ ಬೇರೆ. ಇಷ್ಟು ಬರೆಯೋ ಹೊತ್ತಿಗೆ ಆಚೆಯಿಂದ ಪಕ್ಕದ್ಮನೆ ಅಕ್ಕ ಕೂಗಿದ್ರು, ನಲ್ಲಿ ಪೈಪು ಒಡೆದು ಅಂಗಳದಾಗೆಲ್ಲಾ ನೀರು ಅಂತ. ಉಣ್ಣಾಕೆ ಕೂತಿದ್ದೋನು ತಟ್ಟೆ ಮುಂದಿಂದ ಎದ್ದು ಹೋದ. ಮುದ್ದೆ ಮುಚ್ಚಿಟ್ಟಿದೀನಿ. ಬರಲಿ, ಸಾರು ಬಿಸಿ ಮಾಡಿ ಬಡಿಸ್ತೀನಿ.